ಗಸಗಸೆ ಬೆಳೆಯುವ ದೇಶದಲ್ಲಿ ಸಿಗದ ಮಾರ್ಫಿನ್

2012ರ ಬೇಸಿಗೆ. ದೊಡ್ಡಮ್ಮನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ತಾಲ್ಲೂಕಿನ ಡಾಕ್ಟರು ಮೊದಲು ಪ್ಯಾರಾಸಿಟಮಾಲ್ ಬರೆದರು, ಆಮೇಲೆ ಡೈಕ್ಲೋಫೆನಾಕ್, ಅದಾದ ಮೇಲೆ ಟ್ರಮಡಾಲ್. ಚೀಟಿಯಲ್ಲಿ ಮಾತ್ರೆಯ ಹೆಸರು ಬದಲಾಗುತ್ತಿತ್ತು, ರಾತ್ರಿಗಳು ಮಾತ್ರ ಹಾಗೇ ಇದ್ದವು. "ನುಂಗಿದ್ರೂ ಅಷ್ಟೆ, ಬಿಟ್ರೂ ಅಷ್ಟೆ ಕಣೋ" ಎನ್ನುತ್ತಿದ್ದಳು.

ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ವೈದ್ಯರು, "ಇದಕ್ಕೆ ಮಾರ್ಫಿನ್ ಬೇಕು, ನಮ್ಮಲ್ಲಿ ಇಡೋದಿಲ್ಲ" ಎಂದರು. ಆ ಚೀಟಿ ಹಿಡಿದು ನಾನು ಜಿಲ್ಲಾ ಕೇಂದ್ರದ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿದೆ. ಹೆಸರು ಕೇಳಿದ ಕೂಡಲೇ ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಒಬ್ಬರಂತೂ ಚೀಟಿಯನ್ನು ಮುಟ್ಟಲೂ ಇಲ್ಲ. ನೋವಿನ ಔಷಧಿ ಕೇಳುವುದು ಕಳ್ಳತನದಂತೆ ಕಾಣುವ ಕಾಲ ಯಾವಾಗ ಬಂತು? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ಮದುವೆ ಮನೆಯಲ್ಲಿ ನಾವು ಕುಡಿಯುವ ಗಸಗಸೆ ಪಾಯಸದಿಂದಲೇ ಶುರುಮಾಡೋಣ. ಗಸಗಸೆ ಅಫೀಮು ಗಿಡದ ಬೀಜ. ಅದರ ಹಸಿ ಕಾಯಿಯನ್ನು ಗೀರಿದರೆ ಹಾಲು ಒಸರುತ್ತದೆ, ಒಣಗಿ ಅಂಟಾದ ಮೇಲೆ ಮರುದಿನ ಬೆಳಿಗ್ಗೆ ಕೆರೆದು ತೆಗೆಯುತ್ತಾರೆ. ಅದೇ ಅಫೀಮು. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಯುವ ಔಷಧ ತಯಾರಕ ಈ ಅಂಟಿನಿಂದ ನೋವು ಕಳೆಯುವ ಸಾರವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರೇ ಅದಕ್ಕೆ ಬಂತು.

ಈ ಗಿಡವನ್ನು ಭಾರತ ಇವತ್ತಿಗೂ ಕಾನೂನುಬದ್ಧವಾಗಿ ಬೆಳೆಯುತ್ತದೆ. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢದ ರೈತರು ಸರ್ಕಾರದ ಪರವಾನಗಿ ಪಡೆದು ಬೆಳೆದು, ಅಂಟನ್ನು ಸರ್ಕಾರಕ್ಕೇ ಕೊಡುತ್ತಾರೆ. ನೀಮಚ್ ಮತ್ತು ಉತ್ತರಪ್ರದೇಶದ ಗಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹೊರದೇಶಗಳಿಗೂ ಇಲ್ಲಿಂದ ಅಫೀಮು ಹೋಗುತ್ತದೆ.

ಹಾಗಾದರೆ ದೊಡ್ಡಮ್ಮನಿಗೆ ಮೊದಲು ಕೊಟ್ಟ ಮಾತ್ರೆಗಳು ತಪ್ಪೇ? ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಏಣಿಯೊಂದನ್ನು ಸೂಚಿಸಿತು. ಮೊದಲು ಪ್ಯಾರಾಸಿಟಮಾಲ್‌ನಂಥವು, ಎರಡನೆಯದರಲ್ಲಿ ಕೊಡೀನ್‌ನಂಥ ಸೌಮ್ಯ ಅಫೀಮು ಜಾತಿಯವು, ಮೂರನೆಯದರಲ್ಲಿ ಮಾರ್ಫಿನ್. ಕೆಳಗಿನ ಮೆಟ್ಟಿಲಿನ ಔಷಧಿಗಳಿಗೆ ಒಂದು ಮಿತಿ ಇದೆ. ಆ ಮಿತಿ ದಾಟಿ ಕೊಟ್ಟರೆ ಅಡ್ಡಪರಿಣಾಮ ಹೆಚ್ಚುತ್ತದೆಯೇ ಹೊರತು ನೋವು ಇಳಿಯುವುದಿಲ್ಲ. ಕೊಡೀನ್‌ನದು ಇನ್ನೊಂದು ಕಥೆ: ಯಕೃತ್ತು ಅದನ್ನು ಮಾರ್ಫಿನ್ ಆಗಿ ಬದಲಾಯಿಸಿದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಹುಟ್ಟಿನಿಂದಲೇ ಕೆಲವರ ಯಕೃತ್ತಿಗೆ ಆ ಶಕ್ತಿ ಇರುವುದಿಲ್ಲ. ಹಾಗಾಗಿ "ಮಾತ್ರೆ ಹಿಡಿಯುತ್ತಿಲ್ಲ" ಎಂದು ರೋಗಿ ಹೇಳಿದರೆ ಅದು ಹಟವಲ್ಲ, ಸುಳ್ಳೂ ಅಲ್ಲ. ಮುಂದಿನ ಮೆಟ್ಟಿಲು ಹತ್ತಬೇಕು ಎಂಬ ಸೂಚನೆ.

ಆದರೆ ನಮ್ಮಲ್ಲಿ ಆ ಹೊತ್ತಿಗೆ ಮೂರನೇ ಮೆಟ್ಟಿಲೇ ಮುರಿದಿತ್ತು. ಏಣಿ ಬರುವ ಹಿಂದಿನ ವರ್ಷ, ಅಂದರೆ 1985ರಲ್ಲಿ, ಸಂಸತ್ತು ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾಯ್ದೆಯನ್ನು ತಂದಿತು. ವೈದ್ಯಕೀಯ ಬಳಕೆಗೆ ಆ ಕಾಯ್ದೆ ಅಡ್ಡಿ ಹೇಳಿರಲಿಲ್ಲ. ಆದರೆ ನಿಯಮ ಮುರಿದರೆ ಕನಿಷ್ಠ 10 ವರ್ಷ ಜೈಲು ಎಂದಿತ್ತು. ಅದರ ಕೆಳಗೆ ಪ್ರತಿ ರಾಜ್ಯವೂ ತನ್ನದೇ ನಿಯಮ ಬರೆಯಿತು. ಮಾರ್ಫಿನ್ ತರಿಸಲು, ಸಾಗಿಸಲು, ಇಟ್ಟುಕೊಳ್ಳಲು ಬೇರೆ ಬೇರೆ ಲೈಸೆನ್ಸು, ಬೇರೆ ಬೇರೆ ಇಲಾಖೆ. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಒಂದು ಮಾತ್ರೆ ಲೆಕ್ಕ ತಪ್ಪಿದರೆ ಜೈಲು ಎಂದಾದರೆ ಯಾವ ಔಷಧಿ ಅಂಗಡಿಯವನು ಅದನ್ನು ಇಟ್ಟುಕೊಂಡಾನು? 1985ರಿಂದ 1997ರ ನಡುವೆ ದೇಶದಲ್ಲಿ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿಯಿತು. 1997ರಲ್ಲಿ ಇಡೀ ಭಾರತ ಬಳಸಿದ್ದು ಬರೀ 18 ಕಿಲೋ.

ಇನ್ನೂ ದೊಡ್ಡ ನಷ್ಟ ಅಂಕಿಯಲ್ಲಿ ಕಾಣುವುದಿಲ್ಲ. ಮಾರ್ಫಿನ್ ಬರೆದು ಗೊತ್ತೇ ಇಲ್ಲದ ವೈದ್ಯರ ಒಂದು ತಲೆಮಾರು ಬೆಳೆಯಿತು. ದೊಡ್ಡಮ್ಮನಿಗೆ ಸಿಕ್ಕ ಮೊದಲ ಡಾಕ್ಟರು ಕೆಟ್ಟವರಲ್ಲ, ಆ ತಲೆಮಾರಿನವರು.

ಇದಕ್ಕೆ ಎದುರಾಗಿ ನಿಂತಿದ್ದು ನಮ್ಮ ನೆರೆಯ ಕೇರಳ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಉಪಶಮನಕ್ಕೆಂದೇ ಒಂದು ಸಂಘ ಕಟ್ಟಿದರು. ರೋಗಿಗಳಿಗೆ ಮಾರ್ಫಿನ್ ಮಾತ್ರೆ ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. "ಹಳ್ಳಿಯವರ ಕೈಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ" ಎಂಬ ಭಯಕ್ಕೆ ಅವರು ಲೆಕ್ಕದಿಂದಲೇ ಉತ್ತರ ಕೊಟ್ಟರು. ಎರಡು ವರ್ಷದಲ್ಲಿ 1,723 ರೋಗಿಗಳಿಗೆ ಕೊಟ್ಟ ಮಾರ್ಫಿನ್‌ನಲ್ಲಿ ದುರ್ಬಳಕೆಯ ಅಥವಾ ಕಳ್ಳದಾರಿ ಹಿಡಿದ ಒಂದು ಪ್ರಕರಣವೂ ಕಂಡುಬಂದಿರಲಿಲ್ಲ. 2001ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಬೆಂಗಳೂರಿನಲ್ಲೂ 1994ರಲ್ಲಿ ಹುಟ್ಟಿದ ಟ್ರಸ್ಟ್ ಒಂದು 'ಕರುಣಾಶ್ರಯ'ವನ್ನು ಕಟ್ಟಿ, ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾ ಬಂದಿದೆ.

ಅತ್ತ ತಾಯಿಯ ಸ್ತನ ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಸಿಗದ ಮಗನೊಬ್ಬ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದ. 1998ರಲ್ಲಿ ಕೋರ್ಟು ಪೂರೈಕೆ ಚುರುಕುಗೊಳಿಸಿ ಎಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಸರಳವಾದ ಮಾದರಿ ನಿಯಮ ಬರೆದು ರಾಜ್ಯಗಳಿಗೆ ಕಳುಹಿಸಿತು. ಎಷ್ಟೋ ರಾಜ್ಯಗಳಲ್ಲಿ ಅದು ಕಡತದಲ್ಲೇ ಉಳಿಯಿತು. 2014ರಲ್ಲಿ ಕಾಯ್ದೆಗೇ ತಿದ್ದುಪಡಿಯಾಯಿತು. ಮಾರ್ಫಿನ್ 'ಅತ್ಯಗತ್ಯ ಮಾದಕ ಔಷಧ'ಗಳ ಸಾಲಿಗೆ ಸೇರಿತು, ದೇಶಕ್ಕೆಲ್ಲ ಒಂದೇ ನಿಯಮ ಬಂತು. ಈಗ ಆಸ್ಪತ್ರೆಯೊಂದು ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು, ಹಳೆಯ ಲೈಸೆನ್ಸುಗಳ ಸರಮಾಲೆ ಬೇಕಿಲ್ಲ.

ದೊಡ್ಡಮ್ಮನಿಗೆ ಆ ತಿದ್ದುಪಡಿ ಎರಡು ವರ್ಷ ತಡವಾಯಿತು. ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಹೋದೆವು. ಅಲ್ಲಿನ ನೋವು ಉಪಶಮನ ವಿಭಾಗದ ವೈದ್ಯೆ ಸಣ್ಣ ಮಾತ್ರೆ ಕೊಟ್ಟು, "ನೋವು ಬಂದಾಗ ಅಲ್ಲ, ಗಡಿಯಾರ ನೋಡಿಕೊಂಡು ನಾಲ್ಕು ಗಂಟೆಗೊಮ್ಮೆ ಕೊಡಿ" ಎಂದರು. ಮಲಬದ್ಧತೆಗೂ ಔಷಧಿ ಬರೆದರು, ನೀವಾಗಿಯೇ ಪ್ರಮಾಣ ಏರಿಸಬೇಡಿ ಎಂದು ಎಚ್ಚರಿಸಿದರು. ನೋವು ಮರುಕಳಿಸುವ ಮೊದಲೇ ಔಷಧಿ ಕೊಡಬೇಕೆಂಬ ಆ ಪಾಠವನ್ನು ಜಗತ್ತಿಗೆ ಹೇಳಿಕೊಟ್ಟವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಎಂದು ಆಮೇಲೆ ಓದಿ ತಿಳಿದೆ.

ಮೂರನೇ ದಿನ ಅವಳು ರಾತ್ರಿಯಿಡೀ ಮಲಗಿದಳು. ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದಳು. ಏಳು ವಾರ ಬದುಕಿದಳು. ಕ್ಯಾನ್ಸರ್ ವಾಸಿಯಾಗಲಿಲ್ಲ, ಆದರೆ ಆ ಏಳು ವಾರ ಅವಳು ನಮ್ಮ ಜೊತೆ ಮಾತಾಡಿದಳು.

ನಿಮ್ಮ ಮನೆಯಲ್ಲೂ ಇಂಥವರಿದ್ದು, ಬರೆದುಕೊಟ್ಟ ಮಾತ್ರೆ ಹಿಡಿಯದಿದ್ದರೆ, "ಸಹಿಸ್ಕೊ" ಎನ್ನಬೇಡಿ. ನೋವು ಉಪಶಮನ ವಿಭಾಗ, ಅಂದರೆ ಪ್ಯಾಲಿಯೇಟಿವ್ ಕೇರ್ ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ. ಕಾನೂನು ಈಗ ನಿಮ್ಮ ಕಡೆಗಿದೆ. ನಾವು ಆ ಪ್ರಶ್ನೆಯನ್ನು ಮೂರು ತಿಂಗಳು ತಡವಾಗಿ ಕೇಳಿದೆವು.