ಮೇಲೇರಿದ ಅಂಕಿ ಊರಿಗೆ ಮರಳಲಿ

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಸುತ್ತಲಿನ ಯಾವುದೇ ಹಳ್ಳಿಯಲ್ಲಿ ಹೆಣ್ಣುಮಗಳು ಗರ್ಭಿಣಿಯೆಂದು ಗೊತ್ತಾದರೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ತಾಯಿ ಕಾರ್ಡ್ ಆಗುತ್ತದೆ, ತಾಯಿ-ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲಿನ ಸಂಖ್ಯೆ ಸಿಗುತ್ತದೆ. ಅಲ್ಲಿಂದ ಮುಂದೆ ಆಕೆಯ ರಕ್ತದ ಪ್ರಮಾಣ, ಬಿ.ಪಿ., ಹೆರಿಗೆ, ಮಗುವಿನ ಲಸಿಕೆ ಎಲ್ಲವೂ ಆ ಸಂಖ್ಯೆಯ ಅಡಿಯಲ್ಲಿ ರಾಣೇಬೆನ್ನೂರು, ಹಾವೇರಿ, ಬೆಂಗಳೂರು ದಾಟಿ ದೆಹಲಿಯವರೆಗೂ ಹೋಗುತ್ತವೆ. ಹಿಂದೆ ಇದೇ ಮಾಹಿತಿ ನರ್ಸಮ್ಮನ ದಪ್ಪ ರಿಜಿಸ್ಟರಿನಲ್ಲಿ ಉಳಿಯುತ್ತಿತ್ತು. ಈ ಬದಲಾವಣೆ ಆದದ್ದು ಹೇಗೆ, ಅದರಿಂದ ರೋಗಿಗೆ ದಕ್ಕಿದ್ದೆಷ್ಟು ಎಂದು ನೋಡಲು ನಾಲ್ಕು ದಶಕ ಹಿಂದೆ ಹೋಗಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರುಮಾಡಿತು. ಮರುವರ್ಷವೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಜನಸಂಖ್ಯಾಧಾರಿತ ನೋಂದಣಿ ಆರಂಭವಾಯಿತು. ಸಿಬ್ಬಂದಿ ತಾವೇ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಹೆಸರು ಬರೆದುಕೊಂಡು, ಒಬ್ಬರೇ ಎರಡು ಕಡೆ ಸೇರಿದ್ದರೆ ತೆಗೆದು ಹಾಕುತ್ತಿದ್ದರು. ಯಾವ ಕ್ಯಾನ್ಸರ್ ಹೆಚ್ಚುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಇಂದು ಧೈರ್ಯವಾಗಿ ಹೇಳಬಹುದಾದರೆ ಅದಕ್ಕೆ ಇಂಥ ತಾಳ್ಮೆಯ ಕೆಲಸವೇ ಕಾರಣ. ಈ ಕಾರ್ಯಕ್ರಮದ ಬೇರಿನಿಂದಲೇ ಬೆಂಗಳೂರಿನಲ್ಲಿ ರೋಗಮಾಹಿತಿಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಬೆಳೆಯಿತು. ಆದರೆ ಕಿದ್ವಾಯಿಯ ಆ ನೋಂದಣಿ ಬೆಂಗಳೂರಿನ ಜನರದ್ದು. ಹಾವೇರಿಯ ಹೊಲಗಳಲ್ಲಿ ದುಡಿಯುವವರ ಕಾಯಿಲೆ ಅದರ ಹೊರಗೇ ಉಳಿಯಿತು.

ಹಳ್ಳಿಯ ರೋಗಿಗೂ ದೂರದ ತಜ್ಞರಿಗೂ ನಡುವಿನ ಹಾದಿ ತೆರೆದದ್ದು ಉಪಗ್ರಹ. 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಣೆಯಾದವು. ಕಾಡಂಚಿನ ಊರಿನಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಹೃದ್ರೋಗ ತಜ್ಞರು ನೋಡಿ ಅಲ್ಲಿನ ವೈದ್ಯರಿಗೆ ಸಲಹೆ ಕೊಡುವುದು ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ಎರಡೂ ತುದಿಯಲ್ಲಿ ಆಂಟೆನಾ ಬೇಕು, ಉಪಕರಣ ನೋಡಿಕೊಳ್ಳುವವರು ಬೇಕು, ನಿಗದಿತ ಹೊತ್ತಿಗೆ ವೈದ್ಯರು ಕೂತಿರಬೇಕು. ಅಷ್ಟೆಲ್ಲ ಹೊಂದಿಸುವುದು ಪ್ರತಿ ತಾಲ್ಲೂಕಿಗೆ ಸಾಧ್ಯವಿರಲಿಲ್ಲ.

ಇಡೀ ಪಯಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಪ್ರಯೋಗ 2008ರದು. ದಿನ ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರಬಲ್ಲವು. ಹುಟ್ಟಿದ ತಿಂಗಳೊಳಗೆ ಪರೀಕ್ಷಿಸಿ, ಬೇಕಾದವರಿಗೆ ಒಂದೆರಡು ದಿನದಲ್ಲಿ ಲೇಸರ್ ಕೊಟ್ಟರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ಆದರೆ ಈ ರೋಗ ಗುರುತಿಸಬಲ್ಲ ಕಣ್ಣಿನ ವೈದ್ಯರು ಬೆರಳೆಣಿಕೆಯಷ್ಟು. ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ ಕಿಡ್‌ರಾಪ್ ಎಂಬ ಯೋಜನೆ ರೂಪಿಸಿತು. ವೈದ್ಯರಲ್ಲದ ತಂತ್ರಜ್ಞರಿಗೆ ತರಬೇತಿ ಕೊಟ್ಟು, ಕ್ಯಾಮೆರಾ ಸಮೇತ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕಳಿಸಿದರು. ಅವರೇ ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಿದ್ದರು. ಬೆಂಗಳೂರಿನ ತಜ್ಞರು ಅದೇ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ತೀರ್ಮಾನ ಹೇಳುತ್ತಿದ್ದರು. ಹೀಗೆ ಕೂಡಿಬಂದ ಚಿತ್ರಗಳು ಮುಂದೆ ಸಂಶೋಧನೆಗೂ ಆಧಾರವಾದವು. ರೋಗಿಯ ಉಪಕಾರಕ್ಕೆಂದು ತೆಗೆದ ಚಿತ್ರವೇ ವಿಜ್ಞಾನಕ್ಕೂ ಒದಗಿತು. ಹೀಗೆ ಆದಾಗಲೇ ಮಾಹಿತಿ ಶುದ್ಧವಾಗಿರುತ್ತದೆ, ಏಕೆಂದರೆ ಚಿತ್ರ ಕೆಟ್ಟರೆ ಎದುರಿಗಿರುವ ಮಗುವಿನ ಕಣ್ಣೇ ಹೋಗುತ್ತದೆಂದು ತೆಗೆಯುವವರಿಗೆ ಗೊತ್ತಿರುತ್ತದೆ.

ಅದೇ 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂತು. ಆರೋಗ್ಯ ಸಲಹೆಯ 104 ಸಹಾಯವಾಣಿ 2013ರಲ್ಲಿ ಹುಬ್ಬಳ್ಳಿಯಿಂದಲೇ ಮಾತಾಡತೊಡಗಿತು. ಕ್ಷಯರೋಗಿಗಳ ನೋಂದಣಿಗೆ 2012ರಲ್ಲಿ ನಿಕ್ಷಯ್ ಶುರುವಾಯಿತು. ಮುಂದೆ ಪೌಷ್ಟಿಕ ಆಹಾರದ ಹಣ ಅದರ ಮೂಲಕವೇ ರೋಗಿಯ ಖಾತೆಗೆ ಜಮೆಯಾಗತೊಡಗಿತು. ಕೊರೊನಾ ಬಂದಾಗ 14410 ಆಪ್ತಮಿತ್ರ ಸಹಾಯವಾಣಿ, ಲಸಿಕೆ ನೋಂದಣಿಯ ಕೋವಿನ್, ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಇ-ಸಂಜೀವಿನಿಗಳು ಮನೆಮಾತಾದವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆಮಾಡಿ ಮನಸ್ಸಿನ ಸಂಕಟವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. ಸಾಲದ ಭಾರ ಹೊತ್ತ ರೈತರಿರುವ ಸೀಮೆಯಲ್ಲಿ ಈ ಸಂಖ್ಯೆ ಪ್ರತಿ ಪಂಚಾಯ್ತಿ ಗೋಡೆಯ ಮೇಲೆ ಇರಬೇಕು.

ಈಚಿನದು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಕಂಪ್ಯೂಟರ್ ನೆರವಿನಿಂದ ನಿಮಿಷಗಳಲ್ಲೇ ಓದಲಾಗುತ್ತದೆ. ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಎದೆನೋವು ಬಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಓಡುವ ನಮ್ಮ ಭಾಗದವರಿಗೆ ಇಂಥ ಚಿಕಿತ್ಸೆ ಹತ್ತಿರದಲ್ಲೇ ಸಿಗುವುದೆಂದರೆ ಹೃದಯದ ಸ್ನಾಯು ಸಾಯುವ ಮೊದಲೇ ಮದ್ದು ಸಿಕ್ಕಂತೆ.

ಇಷ್ಟೆಲ್ಲ ಆದರೂ ಒಂದು ನೋವು ಉಳಿದಿದೆ. ರಾಣೇಬೆನ್ನೂರು ತಾಲ್ಲೂಕಿನ ನೂರಾರು ಮಹಿಳೆಯರು, ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾದವರು, ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆದರೆಂದು ದೂರಿ, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಪ್ರತಿ ಶಸ್ತ್ರಚಿಕಿತ್ಸೆಗೂ ದಾಖಲೆ ಇರುತ್ತದೆ. ರೋಗಿಯ ವಯಸ್ಸು, ಊರು, ಕಾರಣ ಇಷ್ಟನ್ನೇ ತಿಂಗಳಿಗೊಮ್ಮೆ ಕೂಡಿಸಿ ಪಕ್ಕದ ತಾಲ್ಲೂಕಿನೊಂದಿಗೆ ಹೋಲಿಸಿ ನೋಡುವವರಿದ್ದರೆ ಯಾರೂ ದೂರು ಕೊಡುವ ಮುಂಚೆಯೇ ಪ್ರಶ್ನೆ ಏಳುತ್ತಿತ್ತು. ಅದಕ್ಕೆ ಉಪಗ್ರಹ ಬೇಕಿರಲಿಲ್ಲ, ಕೃತಕ ಬುದ್ಧಿಮತ್ತೆಯೂ ಬೇಕಿರಲಿಲ್ಲ.

ಮಾಹಿತಿ ತುಂಬುವವರ ಪಾಡನ್ನೂ ಹೇಳಲೇಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕುಳಿತ ಆಶಾ ಕಾರ್ಯಕರ್ತೆಯರ ಬೇಡಿಕೆಗಳಲ್ಲಿ ಗೌರವಧನದ ಜೊತೆ ಆರ್‌ಸಿಎಚ್ ಪೋರ್ಟಲಿನ ಮಾತೂ ಇತ್ತು. ಕೆಲಸ ಮಾಡಿದ್ದರೂ ಪೋರ್ಟಲಿನಲ್ಲಿ ಏರದಿದ್ದರೆ ಪ್ರೋತ್ಸಾಹಧನ ತಪ್ಪುತ್ತದೆಂಬುದು ಅವರ ಅಳಲು. ಅವರ ಕೂಲಿಯನ್ನೇ ಕಡಿಯುವ ವ್ಯವಸ್ಥೆಗೆ ಅವರು ಪ್ರೀತಿಯಿಂದ ಮಾಹಿತಿ ತುಂಬಲಾರರು. ಇನ್ನು ಒಬ್ಬರ ಆರೋಗ್ಯ ದಾಖಲೆಗಳನ್ನೆಲ್ಲ ಜೋಡಿಸುವ 14 ಅಂಕಿಯ ಆಭಾ ಸಂಖ್ಯೆಯಲ್ಲಿ ದಾಖಲೆ ತೋರಿಸಲು ರೋಗಿಯ ಒಪ್ಪಿಗೆ ಬೇಕು ಎನ್ನುತ್ತಾರೆ. ಒಟಿಪಿ ಬರುವ ಮೊಬೈಲು ಗಂಡನ ಜೇಬಿನಲ್ಲಿದ್ದರೆ ಆ ಒಪ್ಪಿಗೆ ಯಾರದು?

ಹಾವೇರಿಯಲ್ಲೀಗ ವೈದ್ಯಕೀಯ ಕಾಲೇಜಿದೆ. ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗ ಜಿಲ್ಲೆಯ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಕಿಗಳನ್ನು, ರೋಗಿಗಳ ಹೆಸರು ತೆಗೆದು, ಮೂರು ತಿಂಗಳಿಗೊಮ್ಮೆ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಬಹುದು: ಎಷ್ಟು ತಾಯಂದಿರಿಗೆ ರಕ್ತಹೀನತೆ, ಎಷ್ಟು ಸಿಸೇರಿಯನ್, ಎಷ್ಟು ಗರ್ಭಕೋಶದ ಆಪರೇಷನ್, ಎಷ್ಟು ಜನರ ಕ್ಷಯದ ಮಾತ್ರೆ ಅರ್ಧಕ್ಕೆ ನಿಂತಿದೆ. ಇದಕ್ಕೆ ಬೇಕಾದ ಅಂಕಿಗಳಲ್ಲಿ ಬಹುಪಾಲು ಈಗಾಗಲೇ ಕಂಪ್ಯೂಟರಿನಲ್ಲಿವೆ.