ಹಸುಗೂಸಿನ ಅಳು, ಸಬ್ಬಸಿಗೆ ಮತ್ತು ಅಫೀಮು

ಮುಂಬಯಿ, ಪುಣೆಗಳಂಥ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಮಗು ಹುಟ್ಟಿದಾಗ ಎರಡು ವಸ್ತುಗಳು ಜೊತೆಜೊತೆಯಾಗಿ ಮನೆಯನ್ನು ಪ್ರವೇಶಿಸುವುದುಂಟು: ಊರಿನಿಂದ ಬಂದ ಬಜೆಯ ಬೇರು, ಔಷಧದ ಅಂಗಡಿಯಿಂದ ತಂದ ಗ್ರೈಪ್ ವಾಟರಿನ ಸೀಸೆ. ಒಂದು ದೇಶೀಯ, ಇನ್ನೊಂದು ವಿಲಾಯತಿ ಎಂದು ಇವನ್ನು ವಿಭಾಗಿಸುವುದು ನಮ್ಮ ವಾಡಿಕೆ. ಆದರೆ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಈ ವಿಭಾಗ ನಿಲ್ಲುವುದಿಲ್ಲ. ಶಿಶುವಿನ ಹೊಟ್ಟೆನೋವಿಗೆ ಮದ್ದನ್ನು ಅರಸಿದ ಕಥೆ ಕೇವಲ ವೈದ್ಯದ ಕಥೆಯಲ್ಲ; ತಾಯಿಗೆ ಎಷ್ಟು ಬಿಡುವಿತ್ತು ಎಂಬುದರ ಕಥೆಯೂ ಹೌದು.

ಮಾತು ಬಾರದ ಕೂಸಿನ ನೋವನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಗಂಭೀರವಾಗಿಯೇ ಎತ್ತಿಕೊಂಡಿದ್ದರು. ಬಾಲಚಿಕಿತ್ಸೆಗೆ ಮೀಸಲಾದ ಕಾಶ್ಯಪಸಂಹಿತೆಯ ಹಸ್ತಪ್ರತಿ ನೇಪಾಳದಲ್ಲಿ ದೊರೆತು, 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಪ್ರಕಟವಾಯಿತು. ಅದರ ವೇದನಾಧ್ಯಾಯದಲ್ಲಿ ಶಿಶುವಿನ ಚೇಷ್ಟೆಗಳಿಂದಲೇ ರೋಗವನ್ನು ಗುರುತಿಸುವ ಕ್ರಮವಿದೆ. ಹೊಟ್ಟೆಶೂಲೆಯ ಕೂಸು ಮೊಲೆಯನ್ನು ಬಿಟ್ಟು ಅಳುತ್ತದೆ, ಬೆನ್ನಮೇಲೆ ಮಲಗಿ ಸೆಟೆಯುತ್ತದೆ, ಅದರ ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ ಎಂದು ಗ್ರಂಥಕಾರನು ಹೇಳುತ್ತಾನೆ. ರಾತ್ರಿಯೆಲ್ಲ ಕೂಸನ್ನೆತ್ತಿ ತಿರುಗಾಡಿದ ಯಾವ ತಾಯಿತಂದೆಗಳಿಗೂ ಈ ಲಕ್ಷಣಗಳು ಅಪರಿಚಿತವಲ್ಲ.

ಕನ್ನಡನಾಡಿನ ಬಾಣಂತನದಲ್ಲಿ ಈ ನೋವಿಗೆ ಎರಡು ಬಗೆಯ ಉಪಚಾರ ನಡೆದುಬಂದಿದೆ. ಮೊದಲನೆಯದು ನೇರವಾಗಿ ಕೂಸಿಗೆ: ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇದು ನೆಕ್ಕಿಸುವುದು, ಇಂಗನ್ನು ಕದಡಿ ಹೊಕ್ಕುಳಿನ ಸುತ್ತ ಹಚ್ಚುವುದು, ಹರಳೆಣ್ಣೆ ಸವರಿದ ವೀಳ್ಯದೆಲೆಯನ್ನು ಬೆಚ್ಚಗೆ ಮಾಡಿ ಹೊಟ್ಟೆಯ ಮೇಲಿಡುವುದು. ಎರಡನೆಯದು ತಾಯಿಯ ಮೂಲಕ: ಬಾಣಂತಿಯ ಊಟದಲ್ಲಿ ಓಮ, ಶುಂಠಿ, ಬೆಳ್ಳುಳ್ಳಿಗಳೊಡನೆ ಸಬ್ಬಸಿಗೆಗೂ ಸ್ಥಾನ. ಈ ಸಬ್ಬಸಿಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಅನಿರೀಕ್ಷಿತವಾದ ಸ್ಥಳದಲ್ಲಿ ಎದುರಾಗಲಿದೆ.

ಆ ಸ್ಥಳ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಅಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಒಂದು ದ್ರವವನ್ನು ಸಿದ್ಧಪಡಿಸಿದನು. ಪೂರ್ವ ಇಂಗ್ಲೆಂಡಿನ ಜೌಗುಪ್ರದೇಶದ ಜ್ವರಕ್ಕೆ ಕೊಡುತ್ತಿದ್ದ ಔಷಧವೊಂದು ಅಳುವ ಮಕ್ಕಳನ್ನೂ ಸಮಾಧಾನಗೊಳಿಸುತ್ತದೆಂಬ ವೈದ್ಯರ ಅನುಭವವೇ ಅವನಿಗೆ ಪ್ರೇರಣೆಯೆಂದು ಹೇಳಲಾಗಿದೆ. ಅದರಲ್ಲಿದ್ದುದು ಅಡಿಗೆ ಸೋಡ, ಸಕ್ಕರೆ, ನೀರು, ಸ್ವಲ್ಪ ಮದ್ಯಸಾರ, ಮತ್ತು ಡಿಲ್ ಎಂಬ ಗಿಡದ ತೈಲ. ಈ ಡಿಲ್ ಬೇರಾವುದೂ ಅಲ್ಲ, ನಮ್ಮ ಸಬ್ಬಸಿಗೆಯೇ! 1876ರಲ್ಲಿ ‘ಗ್ರೈಪ್ ವಾಟರ್’ ಎಂಬ ಹೆಸರು ವ್ಯಾಪಾರ ಮುದ್ರೆಯಾಗಿ ನೋಂದಣಿಯಾಯಿತು. ಬ್ಯಾಂಕಿನ ಉದ್ಯೋಗಿಯಾದ ನನಗೆ ಇಲ್ಲೊಂದು ವಿನೋದ ಕಾಣುತ್ತದೆ: ಬಾಣಂತಿಯ ತಟ್ಟೆಯಲ್ಲಿ ಬೆಲೆಯಿಲ್ಲದಿದ್ದ ಸೊಪ್ಪು ಸೀಸೆಯ ಮೇಲಿನ ಚೀಟಿಯಿಂದ ಆಸ್ತಿಯಾಯಿತು.

ನಾಟಿಂಗ್‌ಹ್ಯಾಮಿನಲ್ಲಿ ಇದಕ್ಕಿಂತ ಮೊದಲೇ ಇನ್ನೊಂದು ಸೀಸೆ ಬಳಕೆಯಲ್ಲಿತ್ತು ಎಂಬುದು ವಿನೋದದ ಸಂಗತಿಯಲ್ಲ. ಅದರ ಹೆಸರು ಗಾಡ್‌ಫ್ರೀಸ್ ಕಾರ್ಡಿಯಲ್. ಅದರ ಸಾರ ಅಫೀಮು. ಆ ನಗರದ ಸ್ತ್ರೀಯರು ಮನೆಯಲ್ಲಿ ಕುಳಿತು ಕಸೂತಿಜಾಲರಿಯ ಕೆಲಸವನ್ನು ಹೊತ್ತುಗೊತ್ತಿಲ್ಲದೆ ಮಾಡುತ್ತಿದ್ದರು. ಕೂಸು ಅತ್ತರೆ ಕೈ ನಿಲ್ಲುತ್ತದೆ. ಕೈ ನಿಂತರೆ ಕೂಲಿ ನಿಲ್ಲುತ್ತದೆ. ಆದುದರಿಂದ ಹುಟ್ಟಿದ ಕೆಲವು ದಿನಗಳಲ್ಲೇ ಕೂಸಿಗೆ ಈ ದ್ರವವನ್ನು ಕುಡಿಸಿ, ದಿನೇ ದಿನೇ ಪ್ರಮಾಣವನ್ನು ಏರಿಸುತ್ತಿದ್ದರೆಂದು 1843ರ ಬ್ರಿಟಿಷ್ ಬಾಲಕಾರ್ಮಿಕ ವಿಚಾರಣಾ ಆಯೋಗದ ವರದಿ ವಿವರಿಸುತ್ತದೆ. 1845ರಲ್ಲಿ ಪ್ರಕಟವಾದ ಎಂಗೆಲ್ಸನ ಗ್ರಂಥದಲ್ಲಿಯೂ ಇದರ ಉಲ್ಲೇಖವಿದೆ. ಕೂಸುಗಳು ಶಾಂತವಾದವು, ಹಲವು ಶಾಶ್ವತವಾಗಿ ಶಾಂತವಾದವು.

ಸುಮಾರು ಎಂಬತ್ತು ವರ್ಷಗಳ ತರುವಾಯ ಇದೇ ದೃಶ್ಯ ನಮ್ಮ ಮುಂಬಯಿಯಲ್ಲಿ ಪುನರಾವರ್ತಿತವಾಯಿತು. ಇಲ್ಲಿನ ಬಟ್ಟೆಗಿರಣಿಗಳಲ್ಲಿ ದುಡಿಯುವ ತಾಯಂದಿರು ಕೆಲಸಕ್ಕೆ ಹೊರಡುವ ಮುನ್ನ ಕೂಸಿಗೆ ‘ಬಾಳಾಗೋಳಿ’ ಎಂಬ ಗುಳಿಗೆಯನ್ನು ಕೊಡುವ ಪದ್ಧತಿಯಿತ್ತು. ಹೆಸರು ಮುದ್ದಾಗಿದೆ, ಒಳಗಿದ್ದುದು ಮಾತ್ರ ಅದೇ ಅಫೀಮು. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿಯನ್ನೊಪ್ಪಿಸಿದ ವಿಟ್ಲಿ ಕಾರ್ಮಿಕ ಆಯೋಗವು ದುಡಿಯುವ ತಾಯಂದಿರ ಈ ಪದ್ಧತಿಯನ್ನು ಗಮನಿಸಿ, ಕಾರ್ಖಾನೆಗಳಲ್ಲಿ ಶಿಶುಗಳಿಗಾಗಿ ತಾಣಗಳಿರಬೇಕೆಂದು ಹೇಳಿತು. ತಾಯಿಯ ಅಜ್ಞಾನವನ್ನು ಹಳಿಯುವುದು ಸುಲಭ. ಆದರೆ ಗಿರಣಿಯ ಸೀಟಿ ಕೂಗಿದಾಗ ಕೂಸನ್ನು ಯಾರ ಮಡಿಲಿಗೆ ಹಾಕಬೇಕಿತ್ತು? ಹಳ್ಳಿಯಲ್ಲಿದ್ದ ಅಜ್ಜಿ, ಅತ್ತೆ, ನೆರೆಯವಳು ಗಿರಣಿಯ ಚಾಳಿನಲ್ಲಿರಲಿಲ್ಲ. ಆ ಮಡಿಲಿನ ಸ್ಥಾನವನ್ನೇ ಗುಳಿಗೆ ತುಂಬಿತು.

ಆಧುನಿಕ ವೈದ್ಯಶಾಸ್ತ್ರ ಈ ವಿಷಯದಲ್ಲಿ ಹೇಳಿದ್ದು ಮಹತ್ತ್ವದ್ದಾಗಿದೆ. ದಿನಕ್ಕೆ 3 ಗಂಟೆಗೂ ಮಿಕ್ಕಿ, ವಾರಕ್ಕೆ 3 ದಿನಗಳಿಗೂ ಮಿಕ್ಕಿ, 3 ವಾರಗಳಿಗೂ ಮಿಕ್ಕಿ ಅಳುವ ಆರೋಗ್ಯವಂತ ಶಿಶುವಿನ ಸ್ಥಿತಿಯೇ ಈ ‘ಶೂಲೆ’ ಎಂದು 1954ರಲ್ಲಿ ಅಮೆರಿಕದ ಡಾ. ವೆಸೆಲ್ ಮತ್ತು ಸಹೋದ್ಯೋಗಿಗಳು ನಿರೂಪಿಸಿದರು. ಶಿಶುವಿನ ಅಳು ಆರನೆಯ ವಾರದ ಸುಮಾರಿಗೆ ತುತ್ತತುದಿಗೇರಿ ತಾನಾಗಿಯೇ ಇಳಿಯುವುದನ್ನು 1962ರಲ್ಲಿ ಡಾ. ಬ್ರೇಜಲ್ಟನ್ ತೋರಿಸಿದರು. 1986ರಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ನಡೆದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಸಾಮಾನ್ಯ ಶಿಶುಗಳು ಆರನೆಯ ವಾರದಲ್ಲಿ ಉಳಿದವುಗಳಿಗಿಂತ ಶೇಕಡ 43ರಷ್ಟು ಕಡಿಮೆ ಅತ್ತವು. ಶೂಲೆಗೆ ತೋಳೇ ಸಿದ್ಧೌಷಧವೆಂದು ಇದರಿಂದ ಹೇಳಲಾಗದು. ಆದರೆ ಗ್ರೈಪ್ ವಾಟರಿನ ಸೀಸೆಗೆ ಇದಕ್ಕಿಂತ ಬಲವಾದ ಪುರಾವೆಯಿಲ್ಲ. ಗ್ರೈಪ್ ವಾಟರಿನ ಮದ್ಯಸಾರ ಬ್ರಿಟನ್ನಿನಲ್ಲಿ ತೊಲಗಿದ್ದು 1990ರ ದಶಕದಲ್ಲಷ್ಟೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂಬುದು ಇಂದಿನ ವೈದ್ಯರ ನಿಲುವು. ಅದು ಸೀಸೆಗೂ ಅನ್ವಯಿಸುತ್ತದೆ, ಸಾಣೆಕಲ್ಲಿಗೂ ಅನ್ವಯಿಸುತ್ತದೆ. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ ಮಾತ್ರ ಅದು ಬರಿಯ ಅಳುವಲ್ಲ. ಕೂಡಲೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಇಲ್ಲಿ ಸ್ವಂತದ ಮಾತೊಂದಕ್ಕೆ ಕ್ಷಮೆಯಿರಲಿ. 2012ರಲ್ಲಿ ನಮ್ಮ ಮೊದಲ ಮಗು ಹುಟ್ಟಿದಾಗ ಕಾನೂನಿನ ಹೆರಿಗೆ ರಜೆ 12 ವಾರಗಳಿದ್ದಿತು. ನನ್ನ ಪತ್ನಿ ಖಾಸಗಿ ಕಚೇರಿಗೆ ಮರಳಬೇಕಾದ ದಿನವೂ ಮಗುವಿನ ಸಂಜೆಯ ಅಳು ನಿಂತಿರಲಿಲ್ಲ. ಧಾರವಾಡದಿಂದ ನನ್ನ ತಾಯಿ ಬಂದರು, ಬಜೆಯನ್ನೂ ತಂದಿದ್ದರು. ವೈದ್ಯರು ಬೇಡವೆಂದುದರಿಂದ ಬಜೆ ಡಬ್ಬಿಯಲ್ಲೇ ಉಳಿಯಿತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅವರು ಪಡಸಾಲೆಯ ಉದ್ದಕ್ಕೂ ನಡೆದರು. ಊರಿನಿಂದ ಬಂದ ನಿಜವಾದ ಔಷಧ ಅದೇ ಎಂದು ನನಗೆ ಅರಿವಾದದ್ದು ಈ ಇತಿಹಾಸವನ್ನು ಓದಿದ ಬಳಿಕ.

ಮುಂಬಯಿ ಪ್ರಾಂತ 1929ರಲ್ಲಿ ಹೆರಿಗೆ ಸೌಲಭ್ಯದ ಕಾನೂನನ್ನು ತಂದಿತು. 1948ರ ಕಾರ್ಖಾನೆ ಕಾನೂನು 50ಕ್ಕಿಂತ ಹೆಚ್ಚು ಸ್ತ್ರೀಯರಿರುವಲ್ಲಿ ಶಿಶುವಿಹಾರವನ್ನು ವಿಧಿಸಿತು; 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 2017ರ ತಿದ್ದುಪಡಿ ರಜೆಯನ್ನು 26 ವಾರಗಳಿಗೆ ಏರಿಸಿತು. ಶೂಲೆಯ ಅಳು ಮೂರು ನಾಲ್ಕು ತಿಂಗಳಲ್ಲಿ ಸಾಮಾನ್ಯವಾಗಿ ಅಡಗುವುದರಿಂದ, ಈ 26 ವಾರಗಳು ಆ ಅವಧಿಯನ್ನು ಪೂರ್ತಿಯಾಗಿ ಒಳಗೊಳ್ಳುತ್ತವೆ. ಆದುದರಿಂದ ಅಫೀಮಿಗೆ ನಿಜವಾದ ಪ್ರತ್ಯೌಷಧವನ್ನು ಔಷಧಕೋಶದಲ್ಲಿ ಹುಡುಕದೆ ಕಾನೂನುಗಳ ಸಂಪುಟದಲ್ಲಿ ಹುಡುಕಬೇಕು. ಆದರೆ ನಾವು ವಾಸಿಸುವ ಕಟ್ಟಡಗಳನ್ನೇ ಕಟ್ಟುವ, ನಮ್ಮ ಮನೆಗಳಲ್ಲೇ ಪಾತ್ರೆ ತೊಳೆಯುವ ತಾಯಂದಿರ ಪಾಲಿಗೆ ಆ ಸಂಪುಟದ ಬಹುಭಾಗ ಇನ್ನೂ ತೆರೆದಿಲ್ಲ. ಅವರ ಕೂಸುಗಳೂ ಆರನೆಯ ವಾರದಲ್ಲಿ ಅಷ್ಟೇ ಅಳುತ್ತವೆ.