ಹವಾಯಿಯಿಂದ ತಹೀತಿಗೆ

ನಮ್ಮ ಹಿರಿಯರು ದೂರವನ್ನು ಹರದಾರಿ, ಗಾವುದಗಳಲ್ಲಿ ಎಣಿಸುತ್ತಿದ್ದರು; ಹತ್ತಿರದ ಊರಾದರೆ ಕೂಗಳತೆ ಎನ್ನುತ್ತಿದ್ದರು. ಕೂಗು ಮುಟ್ಟುವಷ್ಟು ದೂರ! ಮನುಷ್ಯನ ಶಕ್ತಿಯೇ ಅಲ್ಲಿ ಅಳತೆಗೋಲು. ಶಾಂತಸಾಗರದ ಎರಡು ದ್ವೀಪಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಭೂಮಧ್ಯರೇಖೆಯ ಉತ್ತರಕ್ಕೆ ಹವಾಯಿ, ದಕ್ಷಿಣಕ್ಕೆ ತಹೀತಿ. ನಡುವೆ 4,000 ಕಿಲೋಮೀಟರಿಗೂ ಮಿಕ್ಕ ನೀರು. ಜೆಟ್ ವಿಮಾನಕ್ಕೆ ಇದು ಸುಮಾರು ಆರು ಗಂಟೆಯ ಹಾದಿ. ಎರಡೂ ಕಡೆ ಹೊತ್ತು ಒಂದೇ ಆದ್ದರಿಂದ ಪ್ರಯಾಣಿಕನು ಗಡಿಯಾರದ ಮುಳ್ಳನ್ನು ತಿರುಗಿಸಬೇಕಾಗಿಯೂ ಇಲ್ಲ.

1778ರಲ್ಲಿ ಕ್ಯಾಪ್ಟನ್ ಕುಕ್ ಹವಾಯಿಯನ್ನು ಮುಟ್ಟಿದಾಗ ಅಲ್ಲಿನವರ ನುಡಿ ತಹೀತಿಯ ನುಡಿಗೆ ಸೋದರಿಯೆಂಬುದನ್ನು ಕಂಡು ಬೆರಗಾದನು. ದಿಕ್ಸೂಚಿಯಿಲ್ಲದ ಈ ಜನ ಇಷ್ಟು ದೂರ ಹಬ್ಬಿದ್ದಾದರೂ ಹೇಗೆ? 1956ರಲ್ಲಿ ಆಂಡ್ರೂ ಶಾರ್ಪ್ ಎಂಬ ಚರಿತ್ರಕಾರರು ಇದಕ್ಕೊಂದು ಉತ್ತರ ಕೊಟ್ಟರು. ತೆರೆದ ಕಡಲಿನಲ್ಲಿ 300 ಮೈಲಿಗೆ ಮೀರಿದ ದೂರವನ್ನು ಉದ್ದೇಶಪೂರ್ವಕವಾಗಿ ಹೋಗಿ ಬರುವುದು ಅವರಿಂದ ಆಗದ ಮಾತು. ಬಿರುಗಾಳಿಗೆ ಸಿಕ್ಕಿ ದಿಕ್ಕೆಟ್ಟವರು ಆಕಸ್ಮಿಕವಾಗಿ ದಡ ಸೇರಿರಬೇಕು, ಎಂದರು. ವಿದ್ವಾಂಸರ ವಾದವೇನೋ ನಿಜ. ಆದರೆ ತಮ್ಮ ಪೂರ್ವಿಕರು ನಾವಿಕರೋ, ದಾರಿ ತಪ್ಪಿದವರೋ ಎಂಬುದು ಆ ದ್ವೀಪದ ಮಕ್ಕಳಿಗೆ ಬರಿಯ ವಾದವಾಗಿರಲಿಲ್ಲ.

ಹವಾಯಿಯಲ್ಲಿ 1973ರಲ್ಲಿ ಒಂದು ಸಂಘ ಹುಟ್ಟಿತು. 1975ರಲ್ಲಿ ಜೋಡಿದೋಣಿಯೊಂದು ನೀರಿಗಿಳಿಯಿತು. ಮೈ ಇಂದಿನ ಪ್ಲೈವುಡ್ಡಿನದಾದರೂ ಆಕಾರ ಹಳೆಯದು. ಹೆಸರು ಹೋಕುಲೇಅ, ಅಂದರೆ ಆನಂದದ ತಾರೆ. ಅದು ನಮ್ಮ ಸ್ವಾತಿಯೇ! ಸ್ವಾತಿ ಹವಾಯಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ತಹೀತಿಯ ನೆತ್ತಿಗೆ ಸಮೀಪವಾಗಿ ಹಾಯುವುದು ಲುಬ್ಧಕ. ಯಾವ ತಾರೆ ತಲೆಯ ಮೇಲೆ ನೇರ ನಿಲ್ಲುತ್ತದೆಂದು ಬಲ್ಲವನಿಗೆ ತಾನು ಎಷ್ಟು ಉತ್ತರದಲ್ಲಿದ್ದೇನೆ, ಎಷ್ಟು ದಕ್ಷಿಣದಲ್ಲಿದ್ದೇನೆ ಎಂಬುದು ತಿಳಿಯುತ್ತದೆ.

ದೋಣಿ ಸಿದ್ಧವಾಯಿತು, ಆದರೆ ದಾರಿ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ದೂರದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮೌ ಪಿಯೈಲುಗ್ ಬಂದರು. ಎಳವೆಯಲ್ಲೇ ಅಜ್ಜನಿಂದ ಈ ವಿದ್ಯೆ ಕಲಿತವರು. ತಹೀತಿಯ ಕಡಲನ್ನು ಮಾತ್ರ ಹಿಂದೆ ಕಂಡವರಲ್ಲ. 1976ರ ಮೇ 1ರಂದು ದೋಣಿ ಮಾವಿ ದ್ವೀಪದಿಂದ ಹೊರಟಿತು. ಉಪಕರಣ ಒಂದೂ ಇಲ್ಲ. ಹಗಲು ಸೂರ್ಯ, ಇರುಳು ತಾರೆ. ಮೋಡ ಕವಿದರೆ ದೋಣಿಯ ಮೈಗೆ ಬಡಿಯುವ ಅಲೆಯ ತೂಗಾಟವೇ ದಿಕ್ಕು. ಮೂಡಣ ಗಾಳಿ ಪಡುವಣಕ್ಕೆ ತಳ್ಳುತ್ತಲೇ ಇರುತ್ತದೆ. ಒಮ್ಮೆ ಜಾರಿದರೆ ಗಾಳಿಗೆದುರಾಗಿ ಮರಳುವುದು ಬಲು ಕಷ್ಟ. ದಕ್ಷಿಣಕ್ಕೆ ಸರಿದಂತೆ ಧ್ರುವತಾರೆ ತಗ್ಗುತ್ತ ಬಂದು ಕೊನೆಗೆ ಮುಳುಗಿಯೇ ಹೋಯಿತು. ತಿಂಗಳು ಕಳೆದ ಮೇಲೆ ಬಿಳಿಯ ಕಡಲಹಕ್ಕಿಗಳು ಕಂಡವು. ಹಗಲು ಮೀನು ಹುಡುಕಿ ಸಂಜೆಗೆ ನೆಲಕ್ಕೆ ಮರಳುವ ಹಕ್ಕಿಗಳವು, ನೆಲ ಹತ್ತಿರವಿತ್ತು. ಮೊದಲು ಮತೈವಾ ಎಂಬ ಹವಳದ್ವೀಪ ಸಿಕ್ಕಿತು. ಜೂನ್ 4ರಂದು ತಹೀತಿಯ ಪಪೀತೆಯಲ್ಲಿ ಜನಸಾಗರವೇ ಕಾದಿತ್ತು.

ಪೂರ್ವಿಕರು ಹೀಗೆಯೇ ಬಂದರೆಂದು ಒಂದು ಯಾನದಿಂದ ಸಿದ್ಧವಾಗದು; ಬರಬಹುದಿತ್ತು ಎಂಬುದು ಸಿದ್ಧವಾಯಿತು. "ಆಗದ ಮಾತು" ಎಂಬುದಕ್ಕೆ ಅಷ್ಟೇ ಸಾಕು.

ಇದಕ್ಕಿಂತ ಹಿರಿದಾದದ್ದು ಮುಂದೆ ನಡೆಯಿತೆಂದು ನನ್ನ ಭಾವನೆ. ತಮ್ಮವರಿಗಷ್ಟೇ ಹೇಳಿಕೊಡಬೇಕಾದ ವಿದ್ಯೆಯನ್ನು ಮೌ ಹೊರಗಿನವರಿಗೂ ಕಲಿಸಿದರು. 1980ರಲ್ಲಿ ಅವರ ಶಿಷ್ಯ, ಹವಾಯಿಯವನೇ ಆದ ನೈನೋವಾ ಥಾಂಪ್ಸನ್, ಉಪಕರಣವಿಲ್ಲದೆ ತಹೀತಿಗೆ ಹೋಗಿ ಅದೇ ರೀತಿ ಮರಳಿ ಬಂದನು. ಮೌ 2010ರಲ್ಲಿ ತೀರಿಕೊಂಡರು. ಆ ವಿದ್ಯೆ ಅವರೊಡನೆ ಮುಗಿಯಲಿಲ್ಲ. ಆರು ಗಂಟೆಯ ವಿಮಾನಯಾನದಲ್ಲಿ ನಾವು ಕಿಟಕಿಯ ಪರದೆ ಎಳೆದು ನಿದ್ರಿಸಬಹುದು. ತಿಂಗಳ ಹಾದಿಯಲ್ಲಿ ಆ ನಾವಿಕನಿಗೆ ನಿದ್ರೆ ಅಪರೂಪ. ಎಷ್ಟು ದೂರ ಬಂದೆನೆಂಬ ಲೆಕ್ಕ ಅವನ ತಲೆಯೊಳಗಲ್ಲದೆ ಬೇರೆಲ್ಲಿಯೂ ಬರೆದಿಟ್ಟಿರುವುದಿಲ್ಲ.